ಜ್ವರದ ಲೆಕ್ಕ: ಪಾಪಿನಾಯಕನಹಳ್ಳಿ ಸೀಮೆಯ ರೋಗ ಕಣ್ಗಾವಲಿನ ಕಥೆ

ನಮ್ಮ ಕಡೆಯ ಹಳೆಯ ಮನೆಗಳ ಗೋಡೆಯ ಮೇಲೆ, ತಲಬಾಗಿಲಿನ ಪಕ್ಕಕ್ಕೆ, ಒಂದು ಚೌಕ ಇರುತ್ತಿತ್ತು. ತಗಡಿನ ಅಚ್ಚು ಇಟ್ಟು ಬಣ್ಣ ಬಳಿದು ಮೂಡಿಸಿದ ಚೌಕ, ಅದರೊಳಗೆ ಸಾಲಾಗಿ ಸಣ್ಣ ಸಣ್ಣ ಮನೆಗಳು. ಹದಿನೈದು ದಿನಕ್ಕೊಮ್ಮೆ ಸೈಕಲ್ಲು ತುಳಿದುಕೊಂಡು ಬರುತ್ತಿದ್ದ ಮಲೇರಿಯಾದವರು ಅದರ ಒಂದು ಮನೆಯಲ್ಲಿ ಪೆನ್ಸಿಲ್ಲಿನಿಂದ ತಾರೀಕು ಬರೆದು, ರುಜು ಗೀಚಿ, “ಯಾರಿಗಾದ್ರೂ ಜ್ವರ ಬಂದಿತ್ತೇನಮ್ಮಾ?” ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಸೈಕಲ್ಲು ಮುಂದಿನ ಮನೆಗೆ. ಹೌದು ಎಂದರೆ ಬೆರಳ ತುದಿಗೆ ಸ್ಪಿರಿಟ್ಟಿನ ಹತ್ತಿ, ಒಂದು ಚುಚ್ಚು, ಗಾಜಿನ ಪಟ್ಟಿಯ ಮೇಲೆ ಒಂದು ದಪ್ಪ ಹನಿ, ಒಂದು ತೆಳುವಾಗಿ ಎಳೆದ ಹನಿ. ಆಮೇಲೆ ಕಹಿ ಎಂದರೆ ಕಹಿಯಾದ ಕ್ಲೋರೋಕ್ವಿನ್ ಮಾತ್ರೆ. ಹಬ್ಬಕ್ಕೆ ಸುಣ್ಣ ಬಳಿಯುವಾಗ ಮನೆಯವರು ಆ ಚೌಕವನ್ನು ಬಿಟ್ಟು ಸುತ್ತಲೂ ಬಳಿಯುತ್ತಿದ್ದರು. ಸರ್ಕಾರದ್ದು, ಅಳಿಸಬಾರದು ಎಂಬ ಭಯ ಒಂದು ಕಡೆ. ಇರಲಿ ಬಿಡು, ಯಾರೋ ಬಂದು ಕೇಳುತ್ತಾರಲ್ಲ ಎಂಬ ಸಮಾಧಾನ ಇನ್ನೊಂದು ಕಡೆ.

ಸ್ಮರಣ ಸಂಚಿಕೆಗಳಲ್ಲಿ ಶಾಲೆಯ ಕಥೆ ಬರುತ್ತದೆ, ಗುಡಿಯ ಕಥೆ ಬರುತ್ತದೆ, ಸಹಕಾರ ಸಂಘದ ಕಥೆ ಬರುತ್ತದೆ. ರೋಗ ಕಣ್ಗಾವಲು ಎಂಬ ಸಂಸ್ಥೆಗೆ ಶಂಕುಸ್ಥಾಪನೆಯ ಕಲ್ಲಿಲ್ಲ, ಗೋಡೆಗೆ ತೂಗುಹಾಕುವ ಸ್ಥಾಪಕರ ಭಾವಚಿತ್ರವಿಲ್ಲ. ಅದರ ಆಸ್ತಿ ಎಂದರೆ ರಿಜಿಸ್ಟರು, ನಮೂನೆ, ಗಾಜಿನ ಪಟ್ಟಿ, ಈಚೆಗೆ ಒಂದು ಟ್ಯಾಬು. ಆದರೂ ನಮ್ಮೂರನ್ನು ಅದು ಎಪ್ಪತ್ತು ವರ್ಷಗಳಿಂದ ಕಾಯುತ್ತಾ ಬಂದಿದೆ, ಕೆಲವೊಮ್ಮೆ ತೂಕಡಿಸುತ್ತಾ.

ಊರಿನ ಜಾಗವನ್ನು ಮೊದಲು ನೆನಪಿಗೆ ತಂದುಕೊಳ್ಳಬೇಕು. ಹೊಸಪೇಟೆ–ಬಳ್ಳಾರಿ ರಸ್ತೆ, ಅದರ ಜೊತೆಗೇ ಓಡುವ ರೈಲು ಹಳಿ. ಒಂದು ಬದಿಗೆ ಸಂಡೂರಿನ ಕಬ್ಬಿಣದ ಅದಿರಿನ ಗುಡ್ಡಗಳು. ಇನ್ನೊಂದು ಬದಿಗೆ, ಸ್ವಲ್ಪ ದೂರದಲ್ಲಿ, ಹಂಪಿ, ಕಮಲಾಪುರ, ಕಂಪ್ಲಿಯ ಕಡೆಯ ಕಾಲುವೆ, ಕಬ್ಬು, ಭತ್ತ. ಪಶ್ಚಿಮಕ್ಕೆ ಹೋದರೆ ಹೊಸಪೇಟೆಯ ಆಸ್ಪತ್ರೆ ಮತ್ತು ಮಾರುಕಟ್ಟೆ, ಪೂರ್ವಕ್ಕೆ ಗಾದಿಗನೂರು ದಾಟಿದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಇಂಥ ಊರಿನ ರೋಗದ ಕಥೆ ಬಹುಪಾಲು ಓಡಾಟದ ಕಥೆ. ಈ ಲೇಖನದಲ್ಲಿ ನನಗೆ ಹೇಳಬೇಕಾದದ್ದೂ ಅದೇ. ಲೆಕ್ಕ ಹಾಕುವವರು ಊರನ್ನು ಒಂದು ಚುಕ್ಕಿ ಎಂದು ನೋಡಿದಾಗಲೆಲ್ಲ ತಪ್ಪಿದ್ದಾರೆ. ದಾರಿ ಎಂದು ನೋಡಿದಾಗ ಸರಿಯಾದ ಉತ್ತರಕ್ಕೆ ಹತ್ತಿರ ಬಂದಿದ್ದಾರೆ.

ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಬಳ್ಳಾರಿ ಸೀಮೆಯ ಹಳ್ಳಿಗಳ ಹುಟ್ಟು–ಸಾವಿನ ಲೆಕ್ಕ ಊರ ಮುಖ್ಯಸ್ಥರ ಕೈಯಲ್ಲಿತ್ತು. ಸಾವಿನ ಕಾರಣದ ಕಲಮಿನಲ್ಲಿ ಬಹಳಷ್ಟು ಸಲ ಬರೆಯುತ್ತಿದ್ದುದು ಒಂದೇ ಮಾತು: ಜ್ವರ. ಮಲೇರಿಯಾ ಆದರೂ ಜ್ವರ, ವಿಷಮಶೀತ ಆದರೂ ಜ್ವರ, ಬಾಣಂತಿಯ ನಂಜೂ ಜ್ವರವೇ. ಕಾಲರಾ, ಸಿಡುಬುಗಳಿಗೆ ಮಾತ್ರ ಬೇರೆ ಕಲಮು, ಏಕೆಂದರೆ ಅವು ಬಂದರೆ ಮೇಲಕ್ಕೆ ವರದಿ ಹೋಗಲೇಬೇಕು. 1876–78ರ ಬರದಲ್ಲಿ ಬಳ್ಳಾರಿ ಜಿಲ್ಲೆ ನಲುಗಿಹೋದಾಗ ಹಸಿವಿನ ಜೊತೆ ಕಾಲರಾ ಸೇರಿತ್ತು. ಎಷ್ಟು ಮಂದಿ ಯಾವುದರಿಂದ ಹೋದರು ಎಂದು ಬಿಡಿಸಿ ಹೇಳುವ ಶಕ್ತಿ ಆ ಕಲಮುಗಳಿಗೆ ಇರಲಿಲ್ಲ.

ಜನರದ್ದೇ ಆದ ಕಣ್ಗಾವಲು ಒಂದಿತ್ತು. ಪ್ಲೇಗಿನ ಕಾಲದಲ್ಲಿ ಕರ್ನಾಟಕದ ಹಳ್ಳಿಗಳವರು ಇಲಿ ಬಿದ್ದರೆ ಊರು ಬಿಡುತ್ತಿದ್ದರು. ಹೊಲದಲ್ಲಿ ಗುಡಿಸಲು ಹಾಕಿಕೊಂಡು, ರೋಗ ಇಳಿಯಿತು ಎನ್ನುವವರೆಗೆ ಅಲ್ಲೇ ಒಲೆ ಹೂಡುತ್ತಿದ್ದರು. ಮನುಷ್ಯರಿಗೆ ಗಡ್ಡೆ ಏಳುವ ಮೊದಲೇ ಸಿಕ್ಕ ಎಚ್ಚರಿಕೆ ಅದು, ಯಾವ ನಮೂನೆಯನ್ನೂ ಭರ್ತಿ ಮಾಡದೆ ಸಿಕ್ಕದ್ದು. ರೋಗದ ಏರಿಳಿತವನ್ನು ಸಮೀಕರಣದಲ್ಲಿ ಹಿಡಿಯುವ ವಿದ್ಯೆಗೂ ಪ್ಲೇಗಿಗೂ ನಂಟಿದೆ. ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಮೆಕೆಂಡ್ರಿಕ್ ಎಂಬ ವೈದ್ಯರು ಕೆರ್ಮ್ಯಾಕ್ ಜೊತೆ ಸೇರಿ 1927ರಲ್ಲಿ ಪ್ರಕಟಿಸಿದ ಸಾಂಕ್ರಾಮಿಕದ ಸಮೀಕರಣಗಳನ್ನು ತಾಳೆ ನೋಡಿದ್ದು 1905–06ರ ಮುಂಬಯಿ ಪ್ಲೇಗಿನ ಸಾವಿನ ಅಂಕಿಗಳ ಮೇಲೆ. ಕೋವಿಡ್ ಕಾಲದಲ್ಲಿ ಟಿವಿಯಲ್ಲಿ ಏರಿ ಇಳಿದ ಆ ಗೆರೆಯ ಮೂಲ ಅಲ್ಲಿದೆ.

ಈ ವಿದ್ಯೆಯ ಇನ್ನೊಬ್ಬ ಹಿರಿಯ ರೊನಾಲ್ಡ್ ರಾಸ್. 1895ರಲ್ಲಿ ಕಾಲರಾ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದವರು, ಎರಡು ವರ್ಷದ ಮೇಲೆ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡರು. 1902ರಲ್ಲಿ ನೊಬೆಲ್ ಬಂತು. ಸೊಳ್ಳೆಯ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಅವರು ಹಾಕಿದ ಲೆಕ್ಕ ಅಷ್ಟು ಪ್ರಸಿದ್ಧವಲ್ಲ. ಮಲೇರಿಯಾ ನಿಲ್ಲಬೇಕಾದರೆ ಕಟ್ಟಕಡೆಯ ಸೊಳ್ಳೆಯನ್ನೂ ಕೊಲ್ಲಬೇಕಾಗಿಲ್ಲ; ಜನಸಂಖ್ಯೆಗೆ ಹೋಲಿಸಿದಾಗ ಸೊಳ್ಳೆಗಳ ಸಂಖ್ಯೆ ಒಂದು ಮಟ್ಟದಿಂದ ಕೆಳಕ್ಕಿಳಿದರೆ ರೋಗ ತಾನಾಗಿಯೇ ಸವೆಯುತ್ತದೆ ಎಂದು ಅವರು ಗಣಿತದಿಂದ ತೋರಿಸಿದರು. ಆ ಮಟ್ಟ ಎಲ್ಲಿದೆ ಎಂದು ತಿಳಿಯಲು ಎಣಿಸಬೇಕು. ಎಣಿಸಲು ಯಾರಾದರೂ ಮನೆಬಾಗಿಲಿಗೆ ಬರಬೇಕು. ಗೋಡೆಯ ಚೌಕ ಬಂದದ್ದು ಹೀಗೆ.

1953 ನಮ್ಮ ಸೀಮೆಗೆ ಮರೆಯಲಾಗದ ವರ್ಷ. ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗಳಿಗೆ ನೀರು ಹರಿದದ್ದು ಆ ವರ್ಷ, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು ಆ ಅಕ್ಟೋಬರ್ 1ರಂದು, ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದೂ ಅದೇ ವರ್ಷ. ನೀರು ಬಂದಲ್ಲಿ ಸೊಳ್ಳೆಯೂ ಬರುತ್ತದೆ ಎಂಬುದು ಮಂಡ್ಯದ ಕಾಲುವೆ ಸೀಮೆಯಲ್ಲಿ ಆಗಲೇ ಕಂಡ ಸತ್ಯ. ಡಿಡಿಟಿ ಹೊತ್ತವರು ಬಂದು ಗೋಡೆಗೆ ಹೊಡೆದರು; ಮನೆಯ ತಿಗಣೆ ಸತ್ತಿತೆಂದು ಮೊದಮೊದಲು ಎಲ್ಲರಿಗೂ ಖುಷಿ. 1958ರಲ್ಲಿ ನಿಯಂತ್ರಣ ಹೋಗಿ ನಿರ್ಮೂಲನ ಎಂಬ ಹೆಸರು ಬಂತು. 1965ರ ಹೊತ್ತಿಗೆ ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ ಪ್ರಕರಣ. ಕೆಲಸ ಮುಗಿಯಿತು ಎಂಬ ನಂಬಿಕೆ ಹುಟ್ಟಿದ ಮೇಲೆ ಮನೆಬಾಗಿಲಿನ ಭೇಟಿ ಸಡಿಲವಾಯಿತು, ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡವು. 1976ರಲ್ಲಿ ಪ್ರಕರಣ 64 ಲಕ್ಷ ದಾಟಿತು.

ಆ ಪೆಟ್ಟಿನಿಂದ ಹುಟ್ಟಿದ್ದು 1977ರ ಹೊಸ ನಿಯಮ. ಒಂದು ಪ್ರದೇಶದಲ್ಲಿ ವರ್ಷಕ್ಕೆ ಸಾವಿರ ಜನರಿಗೆ 2 ಅಥವಾ ಅದಕ್ಕಿಂತ ಹೆಚ್ಚು ಮಲೇರಿಯಾ ಪ್ರಕರಣ ಬಂದರೆ ಅಲ್ಲಿ ಔಷಧಿ ಸಿಂಪಡಣೆ, ಕಡಿಮೆಯಾದರೆ ಜ್ವರ ಬಂದವರ ರಕ್ತಪರೀಕ್ಷೆ ಮತ್ತು ಚಿಕಿತ್ಸೆ. ನಾನು ಇದನ್ನು ನಮ್ಮ ಭಾಗದ ಮೊದಲ ‘ಮಾದರಿ’ ಎಂದೇ ಕರೆಯುತ್ತೇನೆ. ಕಂಪ್ಯೂಟರು ಇರಲಿಲ್ಲ, ಆದರೆ ಅಂಕಿ ನೋಡಿ ಏನು ಮಾಡಬೇಕೆಂದು ಹೇಳುವ ಸೂತ್ರ ಇತ್ತು. ಅದರ ದೌರ್ಬಲ್ಯವೂ ಎದ್ದು ಕಾಣುತ್ತಿತ್ತು. ಗಾಜಿನ ಪಟ್ಟಿ ಊರಿಂದ ಹೋಗಿ, ಸರದಿಯಲ್ಲಿ ಕಾದು, ಸೂಕ್ಷ್ಮದರ್ಶಕದ ಕೆಳಗೆ ಬಂದು, ಫಲಿತಾಂಶ ಮರಳಿ ಬರುವ ಹೊತ್ತಿಗೆ ಜ್ವರ ಬಂದಿದ್ದವನು ಎದ್ದು ಬೇರೆ ಕೆಲಸಕ್ಕೆ ಹೋಗಿರುತ್ತಿದ್ದ. ಸಂಡೂರಿನ ಗುಡ್ಡಗಳಲ್ಲಿ ಗಣಿಗಾರಿಕೆ ಜೋರಾದ ದಿನಗಳಲ್ಲಂತೂ ಈ ‘ಬೇರೆ ಕೆಲಸ’ ಯಾವ ಊರಿನಲ್ಲಿ ಎಂದು ಕೇಳುವವರೇ ಇರಲಿಲ್ಲ. ಲಾರಿಯ ಜೊತೆ ಬಂದವರು, ಗಣಿಯ ಶೆಡ್ಡಿನಲ್ಲಿ ಮಲಗುವವರು ಯಾರ ಗೋಡೆಯ ಚೌಕದಲ್ಲೂ ಇರಲಿಲ್ಲ.

ಓಡಾಟದ ಜನರ ಕಡೆ ಲೆಕ್ಕ ಹಾಕುವವರ ಕಣ್ಣು ಸರಿಯಾಗಿ ತಿರುಗಿದ್ದು ಎಚ್‌ಐವಿಯ ಕಾಲದಲ್ಲಿ. 2003ರಿಂದ ನಡೆದ ‘ಅವಾಹನ್’ ಎಂಬ ಎಚ್‌ಐವಿ ತಡೆ ಯೋಜನೆಯಲ್ಲಿ ಬಳ್ಳಾರಿಯೂ ಒಂದು ಜಿಲ್ಲೆ. ಬೆಳಗಾವಿ, ಮೈಸೂರು, ಶಿವಮೊಗ್ಗ, ಬೆಂಗಳೂರಿನ ಜೊತೆ ಇಲ್ಲಿಯೂ ಸಮೀಕ್ಷೆ ನಡೆದು, ಆ ಅಂಕಿಗಳು ಗಣಿತದ ಮಾದರಿಗಳೊಳಗೆ ಹೋದವು. ಎಷ್ಟು ಸೋಂಕು ತಪ್ಪಿತು ಎಂದು ಅಂದಾಜಿಸುವ ಕೆಲಸಕ್ಕೆ ನಮ್ಮ ಜಿಲ್ಲೆಯ ಹೆದ್ದಾರಿ, ಗಣಿ, ಪಟ್ಟಣಗಳ ಬದುಕು ಕಚ್ಚಾವಸ್ತುವಾಯಿತು. ಊರಿನವರಿಗೆ ಇದು ಗೊತ್ತೇ ಆಗಲಿಲ್ಲ ಎಂಬುದು ಬೇರೆ ಮಾತು.

ಇಲ್ಲಿ ಕುರಿಗಳ ವಿಷಯ ಹೇಳದೆ ಮುಂದೆ ಹೋದರೆ ನಮ್ಮ ಕುರಿಗಾಹಿಗಳು ಬೇಸರ ಮಾಡಿಕೊಂಡಾರು. ಬೆಂಗಳೂರಿನ ಯಲಹಂಕದ ಬಳಿ ಪ್ರಾಣಿರೋಗಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ. 2013ರಿಂದ ‘ನಿವೇದಿ’ ಎಂದು ಹೆಸರು. ಮಳೆ, ಉಷ್ಣಾಂಶ, ಹಿಂದಿನ ವರ್ಷಗಳ ರೋಗದ ದಾಖಲೆ ಇವನ್ನೆಲ್ಲ ಸೇರಿಸಿ, ಯಾವ ಜಿಲ್ಲೆಯಲ್ಲಿ ಯಾವ ಜಾನುವಾರು ರೋಗ ಏಳಬಹುದೆಂದು ಅದು ಎರಡು ತಿಂಗಳು ಮುಂಚಿತವಾಗಿ ಹೇಳುತ್ತದೆ. ನೀಲಿ ನಾಲಿಗೆ, ನೆರಡಿ, ಕರಳುಬೇನೆ ಎಂದು ಜಿಲ್ಲೆವಾರು ಮುನ್ಸೂಚನೆ. ನಮ್ಮ ಜ್ವರಕ್ಕೆ ಹೀಗೆ ಹೇಳುವವರು ಬರುವ ಮುಂಚೆಯೇ ನಮ್ಮ ಕುರಿಗಳಿಗೆ ಬಂದಿದ್ದರು.

ಮುನ್ಸೂಚನೆ ಎಂದರೆ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಮೈಲಾರದ ಕಾರಣಿಕ. ಗೊರವಯ್ಯ ಬಿಲ್ಲೇರಿ ಒಂದೇ ಒಂದು ಮಾತು ನುಡಿಯುತ್ತಾನೆ. ಮಳೆಗೆ ಒಬ್ಬರು, ರಾಜಕೀಯಕ್ಕೆ ಒಬ್ಬರು, ಬೆಲೆಗೆ ಇನ್ನೊಬ್ಬರು ಅದನ್ನು ಅರ್ಥಮಾಡಿಕೊಳ್ಳುತ್ತಾರೆ. ರೋಗದ ಗಣಿತ ಹೇಳುವವರನ್ನೂ ಜನ ಕಾರಣಿಕದ ಕಿವಿಯಿಂದಲೇ ಕೇಳಿದರು ಎಂದು ಕೋವಿಡ್ ಕಾಲದಲ್ಲಿ ನನಗೆ ಅನ್ನಿಸಿತು. ‘ಹೀಗೇ ನಡೆದರೆ ಇಷ್ಟರಿಂದ ಇಷ್ಟರವರೆಗೆ’ ಎಂದು ವಿಜ್ಞಾನಿ ಹೇಳಿದರೆ, ‘ಹೀಗೇ ನಡೆದರೆ’ ಎಂಬುದು ಬಿದ್ದುಹೋಗಿ ದೊಡ್ಡ ಅಂಕಿ ಮಾತ್ರ ಚಹಾದಂಗಡಿಗೆ ಬರುತ್ತಿತ್ತು.

ಆ ಕಾಲಕ್ಕೆ ಬರುವ ಮೊದಲು 2004ರ ನವೆಂಬರ್ ಬಗ್ಗೆ ಎರಡು ಮಾತು. ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ ಶುರುವಾದದ್ದು ಆಗ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂದೊಂದು ರೋಗಕ್ಕೆ ಒಂದೊಂದು ಇಲಾಖೆ ಎಂಬ ಪದ್ಧತಿಯ ಮೇಲೆ ಎಲ್ಲ ರೋಗಕ್ಕೂ ಒಂದೇ ಕಣ್ಣು ಎಂಬ ಹೊಸ ವ್ಯವಸ್ಥೆ. ಉಪಕೇಂದ್ರದ ಕಾರ್ಯಕರ್ತೆ ಲಕ್ಷಣ ನೋಡಿ ತುಂಬುವುದು ‘ಎಸ್’ ನಮೂನೆ, ವೈದ್ಯರು ತುಂಬುವುದು ‘ಪಿ’, ಪ್ರಯೋಗಾಲಯದವರು ತುಂಬುವುದು ‘ಎಲ್’. ಸೋಮವಾರದಿಂದ ಭಾನುವಾರದವರೆಗಿನ ವಾರದ ಲೆಕ್ಕ ಜಿಲ್ಲಾ ಸರ್ವೇಕ್ಷಣಾಧಿಕಾರಿಯ ಮೇಜಿಗೆ ಹೋಗಬೇಕು. ‘ಎಸ್’ ನಮೂನೆಯ ಜಾಣತನ ನನಗೆ ಬಹಳ ಇಷ್ಟ. ರೋಗದ ಹೆಸರು ಕೇಳುವುದಿಲ್ಲ. ಜ್ವರವೇ, ಭೇದಿಯೇ, ಕಾಮಾಲೆಯೇ ಎಂದು ಮಾತ್ರ ಕೇಳುತ್ತದೆ. ಮದ್ರಾಸ್ ಕಾಲದ ‘ಜ್ವರ’ದ ಕಲಮೇ ಸುತ್ತು ಹೊಡೆದು ಮರಳಿ ಬಂದಂತಿತ್ತು. ಈ ಸಲ ಜ್ವರದ ಜೊತೆ ದದ್ದು ಇದೆಯೇ, ರಕ್ತಸ್ರಾವ ಇದೆಯೇ, ಎಷ್ಟು ದಿನ ಎಂದೂ ಕೇಳುತ್ತಿತ್ತು. ತೊಂದರೆ ಎಂದರೆ ವಾರ. ಮಂಗಳವಾರ ಕುಡಿಯುವ ನೀರಿನ ಪೈಪಿಗೆ ಚರಂಡಿ ಸೇರಿದರೆ ಭಾನುವಾರದ ಲೆಕ್ಕ ಯಾರಿಗೆ ಬೇಕು? ವಿಜಯನಗರ ಜಿಲ್ಲೆ ಉದ್ಘಾಟನೆಯಾದ ದಿನಗಳಲ್ಲೇ, 2021ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿ ಹಬ್ಬಿ ಆರು ಮಂದಿ ತೀರಿಕೊಂಡರು. ಭೇದಿಗೆ ವಾರದ ಗಡಿಯಾರ ಸಾಲದು.

ಕೋವಿಡ್ ನಮ್ಮ ಸೀಮೆಗೆ ಬಂದದ್ದು 2020ರ ಮಾರ್ಚ್ ಕೊನೆಗೆ. ಆಗಿನ ಬಳ್ಳಾರಿ ಜಿಲ್ಲೆಯ ಮೊದಲ ಮೂರು ಪ್ರಕರಣಗಳು ಹೊಸಪೇಟೆಯ ಒಂದೇ ಕುಟುಂಬದವು. ಜೂನಿನಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕೆಲಸಗಾರರಲ್ಲಿ ಸೋಂಕು ನೂರರ ಲೆಕ್ಕದಲ್ಲಿ ಕಂಡಿತು. ಹೊಸಪೇಟೆ ಒಂದು ಕಡೆ, ತೋರಣಗಲ್ಲು ಇನ್ನೊಂದು ಕಡೆ, ನಡುವೆ ನಾವು. ಆ ತಿಂಗಳುಗಳಲ್ಲಿ ಊರಿನವರ ನಕ್ಷೆ ಸರಳವಾಗಿತ್ತು. ಯಾರ ಮಗ ಯಾವ ಪಾಳಿಗೆ ಹೋಗುತ್ತಾನೆ, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ರಾತ್ರಿಪಾಳಿ ಮುಗಿಸಿ ಬಂದವನು ಯಾರ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾನೆ, ಇದೆಲ್ಲ ಎಲ್ಲರಿಗೂ ಬಾಯಿಪಾಠ.

ಅದೇ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಂಥದೇ ಬಾಯಿಪಾಠವನ್ನು ಕಂಪ್ಯೂಟರಿಗೆ ಕಲಿಸುತ್ತಿದ್ದರು. ಬೆಂಗಳೂರು, ಮುಂಬಯಿಯ ಜನರಷ್ಟೇ ಸಂಖ್ಯೆಯ ಕಾಲ್ಪನಿಕ ಮನುಷ್ಯರನ್ನು ಸೃಷ್ಟಿಸಿ, ಒಬ್ಬೊಬ್ಬರಿಗೂ ಒಂದು ಮನೆ, ಒಂದು ಕೆಲಸದ ಜಾಗ ಅಥವಾ ಶಾಲೆ, ಓಡಾಡುವ ದಾರಿ ಕೊಟ್ಟು, ಸೋಂಕನ್ನು ಒಳಗೆ ಬಿಟ್ಟು ನೋಡುವ ವಿಧಾನ. ಶಾಲೆ ಮುಚ್ಚಿದರೆ ಏನು, ಕಚೇರಿಗೆ ಅರ್ಧದಷ್ಟೇ ಜನ ಬಂದರೆ ಏನು ಎಂದು ಅದರಲ್ಲಿ ಕೇಳಬಹುದಿತ್ತು. ಬೆಂಗಳೂರಿನ ಪ್ರತಿ ವಾರ್ಡಿನ ಜನಸಂಖ್ಯೆ ಅವರಿಗೆ ಸಿಕ್ಕಿತು. ನಮ್ಮ ಪಾಳಿ ಬಸ್ಸಿನ ವೇಳಾಪಟ್ಟಿಯನ್ನು ಅಂಥ ಲೆಕ್ಕಕ್ಕೆ ಸೇರಿಸುವ ಕೆಲಸ ಆಗಲಿಲ್ಲ. ದೂರುತ್ತಿಲ್ಲ, ಕೋಟಿ ಜನರ ನಗರ ಮೊದಲು ಎನ್ನುವುದು ನ್ಯಾಯವೇ. ಆದರೆ ಉಕ್ಕು, ಗಣಿ, ರೈಲು ಕೂಡಿದ ಇಂಥ ಹಳ್ಳಿಪಟ್ಟಿಗೂ ನಗರದ ಲೆಕ್ಕವೇ ಬೇಕು, ಹಳ್ಳಿಯ ಲೆಕ್ಕ ಹೊಂದುವುದಿಲ್ಲ.

ನಮ್ಮ ಜಿಲ್ಲೆಗೆ ದಕ್ಕಿದ್ದು ಒಂದು ಅಂಕಿ. 2020ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ರಕ್ತ ಮತ್ತು ಗಂಟಲ ದ್ರವ ಎರಡನ್ನೂ ಪರೀಕ್ಷಿಸುವ ಸಮೀಕ್ಷೆ ನಡೆಸಿತು: 30 ಜಿಲ್ಲೆಗಳು, ಬೆಂಗಳೂರಿನ 8 ವಲಯಗಳು. ಅಂಕಿ ಬಿಡಿಸುವ ತಂಡದಲ್ಲಿ ವಿಜ್ಞಾನ ಸಂಸ್ಥೆಯವರೂ ಇದ್ದರು. ನವೆಂಬರಿನಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ರಾಜ್ಯದ ಶೇ 27.3ರಷ್ಟು ಜನರಿಗೆ ಆಗಲೇ ಸೋಂಕು ಬಂದುಹೋಗಿತ್ತು ಅಥವಾ ಆ ಕ್ಷಣದಲ್ಲಿ ಇತ್ತು. ಎಲ್ಲಕ್ಕಿಂತ ಮೇಲೆ ಬಳ್ಳಾರಿ, ಶೇ 43.1. ಎಲ್ಲಕ್ಕಿಂತ ಕೆಳಗೆ ಧಾರವಾಡ, ಶೇ 8.7. ಹತ್ತಿರ ಹತ್ತಿರದ ಎರಡು ಜಿಲ್ಲೆಗಳ ನಡುವೆ ಐದು ಪಟ್ಟು ಅಂತರ.

ಈ 43.1 ನಮ್ಮವರ ಬಾಯಲ್ಲಿ ಬಗೆಬಗೆಯಾಗಿ ಓಡಾಡಿತು. ಅರ್ಧಕ್ಕರ್ಧ ಜನಕ್ಕೆ ಬಂದುಹೋಗಿದೆ, ಇನ್ನು ಭಯವಿಲ್ಲ ಎಂದವರೇ ಹೆಚ್ಚು. 2021ರ ಏಪ್ರಿಲ್–ಮೇ ತಿಂಗಳ ಎರಡನೆಯ ಅಲೆ ಆ ಧೈರ್ಯವನ್ನು ಕೆಲವೇ ವಾರಗಳಲ್ಲಿ ಮುರಿಯಿತು. ತೋರಣಗಲ್ಲಿನಲ್ಲಿ ಕಾರ್ಖಾನೆಯ ಆಮ್ಲಜನಕವನ್ನು ಕೊಳವೆಯಲ್ಲಿ ತಂದು 1,000 ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎಬ್ಬಿಸಬೇಕಾಯಿತು. ಅಂಕಿ ಸುಳ್ಳಾಗಿರಲಿಲ್ಲ. ಕೂಡ್ಲಿಗಿಯ ಒಂಟಿ ಹಟ್ಟಿಯನ್ನೂ ತೋರಣಗಲ್ಲಿನ ಕಾಲೊನಿಯನ್ನೂ ಒಟ್ಟಿಗೆ ಕಲಸಿ ತೆಗೆದ ಸರಾಸರಿ ಅದು. ಪಾಪಿನಾಯಕನಹಳ್ಳಿಯ ಬಗ್ಗೆ ಅದು ಏನನ್ನೂ ಹೇಳಿರಲಿಲ್ಲ. ಹೇಳಿದೆ ಎಂದುಕೊಂಡವರು ನಾವು.

ಆಮೇಲೆ ಜಿಲ್ಲೆಯೇ ಎರಡಾಯಿತು. 2021ರ ಅಕ್ಟೋಬರ್ 2ರಂದು ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ಉದ್ಘಾಟನೆಯಾದಾಗ ಊರೆಲ್ಲ ಸಂಭ್ರಮಪಟ್ಟಿತು, ನಾನೂ ಪಟ್ಟೆ. ಸಂಡೂರು, ತೋರಣಗಲ್ಲು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ರೋಗ ಕಣ್ಗಾವಲಿನ ಕಣ್ಣಿನಿಂದ ನೋಡಿದರೆ ಮನೆ ಒಂದು ಜಿಲ್ಲೆಗೆ, ಕೆಲಸದ ಜಾಗ ಇನ್ನೊಂದು ಜಿಲ್ಲೆಗೆ ಹೋಯಿತು. ಎರಡು ಸರ್ವೇಕ್ಷಣಾ ಘಟಕ, ಎರಡು ವರದಿ, ಎರಡು ಗೆರೆ. ತೋರಣಗಲ್ಲಿನಲ್ಲಿ ಏಳುವ ಜ್ವರ ನಮ್ಮೂರಿನಲ್ಲಿ ನಾಲ್ಕು ದಿನದ ಮೇಲೆ ಕಾಣುವುದಾದರೆ, ಆ ನಾಲ್ಕು ದಿನವೇ ನಮ್ಮ ಬಂಡವಾಳ. ಅದನ್ನು ಉಳಿಸಿಕೊಳ್ಳಬೇಕಾದರೆ ಬಳ್ಳಾರಿಯ ಪರದೆಯ ಮೇಲೆ ಮೂಡಿದ್ದನ್ನು ಹೊಸಪೇಟೆಯವರು ಅಂದೇ ನೋಡಬೇಕು.

ಹಾಗೆ ನೋಡುವ ಸಲಕರಣೆ ಈಗ ಇದೆ. 2018ರ ನವೆಂಬರಿನಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಪ್ರಯೋಗಕ್ಕೆ ಬಂದ ಸಮಗ್ರ ಆರೋಗ್ಯ ಮಾಹಿತಿ ವೇದಿಕೆ 2021ರ ಏಪ್ರಿಲ್ 5ರಂದು ದೇಶಕ್ಕೆಲ್ಲ ಬಂತು. ಹಿಂದಿನ 18ರ ಜಾಗದಲ್ಲಿ 33 ರೋಗಸ್ಥಿತಿಗಳು. ವಾರದ ಮೊತ್ತದ ಬದಲು ಒಬ್ಬೊಬ್ಬ ರೋಗಿಯ ದಾಖಲೆ. ಜಿಲ್ಲೆಯ ಬದಲು ಹಳ್ಳಿಯ ಚುಕ್ಕಿ. ಕಾರ್ಯಕರ್ತೆ ಟ್ಯಾಬಿನಲ್ಲಿ ಒತ್ತಿದ್ದು ಅಂದೇ ಮೇಲೆ ಕಾಣುತ್ತದೆ. ಆದರೆ ಚುಕ್ಕಿ ಬೀಳುವುದು ರೋಗಿ ಹೇಳಿದ ವಿಳಾಸದ ಮೇಲೆ. ಆಧಾರಿನಲ್ಲಿ ಬೇರೆ ಊರು, ಬಾಡಿಗೆಯ ಕೋಣೆ ಇನ್ನೊಂದು ಊರು, ಸೊಳ್ಳೆ ಕಚ್ಚಿದ್ದು ಮೂರನೆಯ ಊರು. ಯಾವುದನ್ನು ಒತ್ತಬೇಕೆಂದು ಕೇಳುವಷ್ಟು ಪುರುಸೊತ್ತು ಒ.ಪಿ.ಡಿ. ಸಾಲಿನಲ್ಲಿ ಯಾರಿಗೂ ಇರುವುದಿಲ್ಲ.

ಮಲೆನಾಡಿನವರು ಈ ಗಂಟನ್ನು ಬೇರೆ ರೀತಿಯಲ್ಲಿ ಬಿಚ್ಚಿದ್ದಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗಿನಿಂದ ಸತ್ತ ಮಂಗವೇ ಅಲ್ಲಿನ ಎಚ್ಚರಿಕೆ ಗಂಟೆ. ಈಚೆಗೆ ಅಪಾಯದ ನಕ್ಷೆ ಮಾಡಿದ ಸಂಶೋಧಕರು ಕಾಡಿನ ಅಂಕಿಗಳ ಜೊತೆ ಅಲ್ಲಿನ ಆರೋಗ್ಯ, ಅರಣ್ಯ, ಪಶು ಇಲಾಖೆಗಳವರನ್ನು ಕೂರಿಸಿಕೊಂಡು, ಯಾರು ಯಾವಾಗ ಸೊಪ್ಪಿಗೆ, ಸೌದೆಗೆ ಕಾಡಿಗೆ ಹೋಗುತ್ತಾರೆ ಎಂದು ಕೇಳಿ ನಕ್ಷೆಗೆ ಸೇರಿಸಿದರು. ಇಲ್ಲಿ ಸೊಪ್ಪಿನ ಜಾಗದಲ್ಲಿ ಪಾಳಿ ಎಂದು ಓದಿಕೊಂಡರೆ ನಮಗೂ ಹೊಂದುತ್ತದೆ.

ಸದ್ಯಕ್ಕೆ ನಮ್ಮ ಬಾಗಿಲಿಗೆ ಬರುವ ಲೆಕ್ಕ ಡೆಂಗಿಯದ್ದು. ಆಶಾ ಕಾರ್ಯಕರ್ತೆ ಬರುತ್ತಾಳೆ, ಕೈಯಲ್ಲಿ ಟಾರ್ಚು. ಬಚ್ಚಲ ಹಿಂದಿನ ಸಿಮೆಂಟು ತೊಟ್ಟಿ, ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಎಂದು ತುಂಬಿಟ್ಟ ಡ್ರಮ್ಮು, ಮೂಲೆಗೆ ಸರಿಸಿದ ಒರಳು, ಫ್ರಿಜ್ಜಿನ ಹಿಂದಿನ ತಟ್ಟೆ. ನೀರಿನ ಮೇಲೆ ಬೆಳಕು ಬಿದ್ದರೆ ಹುಳ ಬಳುಕಿ ಕೆಳಕ್ಕೆ ಇಳಿಯುತ್ತದೆ. ಅದನ್ನೇ ಅವಳು ನೋಡುವುದು. 100 ಮನೆ ನೋಡಿದಾಗ 8 ಮನೆಗಳಲ್ಲಿ ಹುಳ ಸಿಕ್ಕರೆ ಮನೆ ಸೂಚ್ಯಂಕ 8. ಆ 8 ಮನೆಗಳಲ್ಲಿ ಹುಳ ಇದ್ದ ಪಾತ್ರೆಗಳು 14 ಆದರೆ ಬ್ರೆಟೊ ಸೂಚ್ಯಂಕ 14. ಮೊದಲನೆಯದು ಎಷ್ಟು ಮನೆಗೆ ಹೋಗಬೇಕೆಂದು ಹೇಳುತ್ತದೆ, ಎರಡನೆಯದು ಎಷ್ಟು ನೀರು ಚೆಲ್ಲಬೇಕೆಂದು. ರಾಸ್ ಹುಡುಕಿದ ಆ ‘ಮಟ್ಟ’ ಇವತ್ತು ಅಡಗಿರುವುದು ಈ ತೊಟ್ಟಿಗಳಲ್ಲಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಸಾಕಿದ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ವಿಜ್ಞಾನ ಸಂಸ್ಥೆಯ ‘ಆರ್ಟ್‌ಪಾರ್ಕ್’ ಆರೋಗ್ಯ ಇಲಾಖೆಯ ಜೊತೆ ಸೇರಿ ಡೆಂಗಿ ಎಲ್ಲಿ ಏಳಬಹುದೆಂದು ಮುಂಗಂಡು ಹೇಳುವ ಕೆಲಸದಲ್ಲಿದೆ. ಅದಕ್ಕೆ ಬೇಕಾದ ಅಂಕಿಗಳಲ್ಲಿ ಒಂದಿಷ್ಟು ಆಶಾಳ ಟಾರ್ಚಿನಿಂದಲೇ ಹೋಗಬೇಕು. ಹುಳ ಕಂಡರೂ ‘ಇಲ್ಲ ಅಂತ ಬರಕೊಳ್ಳವ್ವ’ ಎಂದು ನಾವು ಒತ್ತಾಯಿಸಿದರೆ, ಬೆಂಗಳೂರಿನ ಆ ಕಂಪ್ಯೂಟರಿಗೂ ಸುಳ್ಳು ಹೇಳಿದಂತೆಯೇ.

ಈ ಸಂಚಿಕೆ ಕೈಗೆತ್ತಿಕೊಂಡ ಮನೆಯವರಲ್ಲಿ ಒಂದು ವಿನಂತಿ. ಆಶಾ ಬಂದಾಗ ಹಿತ್ತಲ ಬಾಗಿಲು ತೆಗೆಯಿರಿ. ಪಾಳಿಗೆ ಹೋಗುವವರು ಜ್ವರ ಬಂದು ತೋರಣಗಲ್ಲಿನಲ್ಲೋ ಹೊಸಪೇಟೆಯಲ್ಲೋ ತೋರಿಸಿಕೊಂಡರೆ, ಮಲಗುವ ಊರು ಯಾವುದು, ದುಡಿಯುವ ಊರು ಯಾವುದು ಎರಡನ್ನೂ ಬರೆಸಿ. ಊರಿಗೆ ಬಂದ ಮೇಲೆ ಆಶಾಳ ಕಿವಿಗೂ ಹಾಕಿ. ಒಂದೇ ಓಣಿಯಲ್ಲಿ ಎರಡು ಮನೆಗೆ ಒಟ್ಟಿಗೆ ವಾಂತಿಭೇದಿ ಎಂದು ಕೇಳಿದರೆ ಭಾನುವಾರದವರೆಗೆ ಕಾಯಬೇಡಿ. ಆರೋಗ್ಯ ಸಹಾಯವಾಣಿಯ ನಂಬರು 104.